ಹಸಿರು ಟ್ಯೂಬಿನ ಮೂರನೆಯ ಸಾಲಿನಲ್ಲಿರುವ ಆ್ಯಸಿಡ್ ಸಾಹೇಬರಿಗೆ

ಘೋಡಗೇರಿ, ತಾಲೂಕು ಹುಕ್ಕೇರಿ
ಮಾರ್ಚ್ ೨೦೦೨

ಶ್ರೀಮಾನ್ ಸ್ಯಾಲಿಸಿಲಿಕ್ ಆ್ಯಸಿಡ್ ಸಾಹೇಬರು,
ಕ್ಲಿಯರೋನಾ ಫೇಸ್ ವಾಶ್, ಹಸಿರು ಟ್ಯೂಬು,
ಬೆನ್ನ ಮೇಲಿನ ಮೂರನೆಯ ಸಾಲು.

ಮಾನ್ಯರೇ,

ತಮ್ಮ ಪಾದಕ್ಕೆರಗೋಣವೆಂದರೆ ತಮಗೆ ಪಾದಗಳಿಲ್ಲ, ಹಣೆ ಮುಟ್ಟಿ ನಮಸ್ಕರಿಸೋಣವೆಂದರೆ ನನ್ನ ಹಣೆ ಸದ್ಯಕ್ಕೆ ಯಾರೂ ಮುಟ್ಟುವ ಸ್ಥಿತಿಯಲ್ಲಿಲ್ಲ. ಆದುದರಿಂದ ಮೂರು ಮಾರು ದೂರ ನಿಂತು, ಗಾಳಿ ನಿಮ್ಮ ಕಡೆಯಿಂದ ಬೀಸುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಕೈ ಮುಗಿದಿದ್ದೇನೆ. ಸ್ವೀಕರಿಸಬೇಕು. ಈ ದೂರನ್ನು ನಿಮ್ಮ ಕಂಪನಿಗೇ ಬರೆಯಬೇಕಿತ್ತು. ಆದರೆ ಟ್ಯೂಬಿನ ಮೇಲೆ ಕಂಪನಿಯ ವಿಳಾಸವೆಂದು ಒಂದು ಅಂಚೆಪೆಟ್ಟಿಗೆಯ ಸಂಖ್ಯೆ ಮಾತ್ರ ಇದೆ. ಮಂತ್ರಿ, ಮಾಮಲೇದಾರರಿಗೆಲ್ಲ ಬೈದ ಬಾಯಿ ನನ್ನದಾದರೂ ಪೆಟ್ಟಿಗೆಗೆ ಬೈದು ರೂಢಿಯಿಲ್ಲ. ತಾವಾದರೆ ಖುದ್ದಾಗಿ ನನ್ನ ಮುಖಕ್ಕೆ ಬಂದವರು.

ನನ್ನ ಪರಿಚಯ ತಮಗಿರಲಾರದು. ನನ್ನ ಹೆಸರು ಬೀರಸಿದ್ದಪ್ಪ. ಮೂವತ್ತು ವರ್ಷಗಳಿಂದ ಹುಕ್ಕೇರಿ, ಗೋಕಾಕ, ಮೂಡಲಗಿಗಳ ಬಸ್ ನಿಲ್ದಾಣದ ಎದುರು ಧಿಕ್ಕಾರ ಕೂಗುತ್ತ, ಆಳುವವರ ಪ್ರತಿಕೃತಿಗಳನ್ನು ಸುಡುತ್ತ, ಇಂಗ್ಲಿಷ್ ಫಲಕಗಳಿಗೆ ಡಾಂಬರು ಬಳಿಯುತ್ತ, ನಡುನಡುವೆ ಬಂಡಾಯದ ಎರಡು ಕಥಾಸಂಕಲನಗಳನ್ನು ಅಚ್ಚು ಹಾಕಿಸಿ ಅವನ್ನೂ ಬಸ್ ನಿಲ್ದಾಣದಲ್ಲೇ ಮಾರುತ್ತ ಬಂದವನು. ಮುಖವೆಂಬುದು ನನಗೆ ಬಾಯಿಯ ಸುತ್ತ ಇರುವ ಜಾಗ, ಅಷ್ಟೆ. ಮುಖದ ಕಾಂತಿಯ ಚಿಂತೆ ಉಳ್ಳವರ ರೋಗವೆಂದು ನಾನು ಭಾಷಣ ಮಾಡಿದ್ದೇನೆ. ಆ ಭಾಷಣಕ್ಕೆ ಚಪ್ಪಾಳೆಯೂ ಬಿದ್ದಿದೆ. ಚಪ್ಪಾಳೆ ಹೊಡೆದವರಲ್ಲಿ ನನ್ನ ಮಗಳು ನಂದಾ ಇರಲಿಲ್ಲವೆಂಬುದನ್ನು ಆಗ ಗಮನಿಸಿರಲಿಲ್ಲ.

ನಂದಾ ಗೋಕಾಕದಲ್ಲಿ ಬಿ.ಎಸ್ಸಿ. ಎರಡನೆಯ ವರ್ಷ ಓದುತ್ತಾಳೆ. ಹೆಣ್ಣುಮಕ್ಕಳಿಗೆ ಅಲ್ಲಿ ಸರಕಾರಿ ಹಾಸ್ಟೆಲ್‌ನಲ್ಲಿ ಜಾಗ ಸಿಗದೆ, ಊರೂರಿಂದ ಬಂದ ಹುಡುಗಿಯರೆಲ್ಲ ಕೂಡಿ ಒಂದು ಬಾಡಿಗೆ ಖೋಲಿಯಲ್ಲಿದ್ದಾರೆ. ಶನಿವಾರ ಸಂಜೆ ಬಸ್ ಹತ್ತಿ ಊರಿಗೆ ಬರುತ್ತಾಳೆ. ಈ ಹಾಸ್ಟೆಲ್ ಬೇಡಿಕೆಗಾಗಿಯೇ ನಮ್ಮ ಸಂಘಟನೆ ಹುಕ್ಕೇರಿಯಲ್ಲಿ ಸಮಾವೇಶ ಕರೆದಿತ್ತು. ಅಧ್ಯಕ್ಷತೆ ನನ್ನದು; ಅದು ಹೇಳುವ ಮಾತೇ ಅಲ್ಲ, ಯಾವಾಗಲೂ ನನ್ನದೇ. ಆದರೆ ಈ ಸಲ ಮುಖ್ಯ ಭಾಷಣ ವಿದ್ಯಾರ್ಥಿನಿಯೊಬ್ಬಳೇ ಮಾಡಬೇಕೆಂದು ಠರಾವಾಗಿ, ಆ ವಿದ್ಯಾರ್ಥಿನಿ ನಂದಾ ಎಂದೂ ತೀರ್ಮಾನವಾಗಿತ್ತು. ತಹಸೀಲ್ದಾರರು ಮನವಿ ಸ್ವೀಕರಿಸಲು ಬರುತ್ತೇನೆಂದು ಒಪ್ಪಿಕೊಂಡಿದ್ದರು. ಅವರು ಒಪ್ಪಿಕೊಂಡದ್ದು ನಮ್ಮ ಭಾಗದ ಇತಿಹಾಸದಲ್ಲಿ ಅಪರೂಪದ ಘಟನೆ.

ಅಂಥ ಹೊತ್ತಿನಲ್ಲಿ, ಸಾಹೇಬರೇ, ನಮ್ಮ ಬಚ್ಚಲಿನ ಗೂಡಿನಲ್ಲಿ, ಸೀಗೆಪುಡಿಯ ಡಬ್ಬಿಯ ಹಿಂದೆ ತಲೆಮರೆಸಿಕೊಂಡಿದ್ದ ತಾವು ನನ್ನ ಕೈಗೆ ಸಿಕ್ಕಿದಿರಿ.

ಟ್ಯೂಬನ್ನು ಎತ್ತಿ ಹಿಡಿದು ನಾನು ಪಡಸಾಲೆಯಲ್ಲೇ ಮಾತು ಸುರು ಮಾಡಿದೆ. ಬಹುರಾಷ್ಟ್ರೀಯ ಬಂಡವಾಳ ಬಚ್ಚಲ ಮೋರಿಯಿಂದ ಮನೆ ಹೊಕ್ಕಿತೆಂದೆ. ರೈತನ ಮಗಳ ಮೋರೆಯನ್ನೂ ಮಾರುಕಟ್ಟೆ ಮಾಡಿಕೊಂಡಿತೆಂದೆ. ಮೈಕಿಲ್ಲದಿದ್ದರೂ ಬಾಜೂ ಮನೆಯವರು ಹೊರಗೆ ಬಂದರು. ನಂದಾ ಬಾಗಿಲ ಬಳಿಯ ಕಲ್ಲಿನ ಮೇಲೆ ಕೂತು ಎಲ್ಲ ಕೇಳಿಸಿಕೊಂಡು, ‘ಮುಗೀತೇನಪ್ಪಾ? ಮಾರಿ ತುಂಬ ಗುಳ್ಳಿ ಎದ್ದಾವು, ಕಾಣ್ತಾವಿಲ್ಲೋ? ಈ ಮಾರಿ ತಗೊಂಡು ಸಾವಿರ ಮಂದಿ ಮುಂದ ಹೆಂಗ ನಿಂದರ್ಲಿ? ಟ್ಯೂಬ್ ಕೊಟ್ರ ಭಾಷಣ ಮಾಡ್ತೇನಿ. ಇಲ್ಲಂದ್ರ ನೀನ ಮಾಡು, ನಿನಗೇನು ರೂಢಿನ ಐತಿ’ ಎಂದಳು. ನನ್ನ ಹೆಂಡತಿ ಮಾಯವ್ವ ಒಳಗಿನಿಂದ, ‘ಕೊಡ್ರಿ ಅದನ್ನ. ಹುಡುಗಿ ಮಾರಿ ತೊಳ್ಕೊಂಡ್ರ ಯಾವ ಸರ್ಕಾರ ಬೀಳ್ತೈತಿ?’ ಎಂದು ಕೇಳಿದಳು. ಆದರೆ ಕೊಡಲಿಲ್ಲ. ಸಾಕ್ಷ್ಯವೆಂದು ಜಪ್ತಿ ಮಾಡಿ ಜೇಬಿಗಿಟ್ಟುಕೊಂಡೆ. ಅದು ವಿಷವೆಂದು ಸಾಬೀತು ಮಾಡುತ್ತೇನೆ, ಆಮೇಲೆ ನೀನೇ ಒಲೆಗೆ ಹಾಕುತ್ತೀ ಎಂದೆ. ನಂದಾ ಭಾನುವಾರದ ಬಸ್ಸಿಗೆ ಗೋಕಾಕಕ್ಕೆ ಹೋದಳು.

ಇಲ್ಲಿಂದ ನನ್ನ ಸಂಶೋಧನೆ. ಕರದಂಟಿನಲ್ಲಿ ಏನೇನಿದೆಯೆಂದು ಕೇಳಿ. ಅಂಟು, ಬೆಲ್ಲ, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ ಎಂದು ಕಣ್ಣು ಮುಚ್ಚಿ ನಾಲಿಗೆಯಿಂದಲೇ ಓದಿಬಿಡುತ್ತೇನೆ. ತಮ್ಮ ಟ್ಯೂಬನ್ನು ಓದಲು ಮಾತ್ರ ಭೂತಗನ್ನಡಿ ಬೇಕಾಯಿತು. ಯಾವ ಲಿಪಿಗೆ ಡಾಂಬರು ಬಳಿಯುತ್ತ ನಾನು ಯೌವನ ಕಳೆದೆನೋ ಅದೇ ಲಿಪಿ, ಅದೂ ಇರುವೆಯ ಹೆಜ್ಜೆಯಷ್ಟು ಸಣ್ಣದು. ಮಾರಿದ ಶ್ರೇಣಿಕನನ್ನೇ ಕೇಳೋಣವೆಂದು ಹುಕ್ಕೇರಿಯ ಅವನ ಮೆಡಿಕಲ್ ಅಂಗಡಿಗೆ ಹೋದರೆ ಅವನು ನಕ್ಕು, ‘ಕಾಕಾ, ನಾ ಮಾರಾಂವ, ಓದಾಂವ ಅಲ್ರಿ. ಓದಿದ್ರ ಮಾರಾಕ ಮನಸ ಬರೂದಿಲ್ಲ’ ಎಂದ.

ಕೊನೆಗೆ ನಾನೇ ಅಕ್ಷರ ಕೂಡಿಸಿದೆ. ಮೊದಲನೆಯ ಹೆಸರು ‘ಅಕ್ವಾ’. ಎಲ್ಲಕ್ಕೂ ಮೊದಲು ಬರೆದಿದ್ದಾರೆಂದರೆ ಟ್ಯೂಬಿನ ತುಂಬ ಇದೇ ಹೆಚ್ಚೆಂದು ಶ್ರೇಣಿಕ ಅಷ್ಟು ಮಾತ್ರ ಹೇಳಿದ್ದ. ಸರಿ, ಮೂಡಲಗಿಯ ಸಂತೆಯ ಸಭೆಯಲ್ಲಿ ಆ ಅಕ್ವಾನನ್ನು ಹಿಡಿದು ಝಾಡಿಸಿದೆ. ‘ಯಾರು ಈ ಅಕ್ವಾ? ಯಾವ ದೇಶದಿಂದ ಬಂದ? ನಮ್ಮ ಹೆಣ್ಣುಮಕ್ಕಳ ಚರ್ಮದೊಳಗೆ ಇವನಿಗೇನು ಕೆಲಸ?’ ಎಂದು ಮೇಜು ಗುದ್ದಿದೆ. ಅಕ್ವಾಗೆ ಧಿಕ್ಕಾರವೆಂದು ಜನ ಕೂಗಿದರು. ನಮ್ಮ ಕಾರ್ಯದರ್ಶಿ ಉದ್ದಪ್ಪ ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದ. ಆ ಮನುಷ್ಯನಿಗೆ ಯಾವ ಹೆಸರು ಕೊಟ್ಟರೂ ಧಿಕ್ಕಾರ ಕೂಗುವಷ್ಟು ದೊಡ್ಡ ಗಂಟಲನ್ನು ಪ್ರಕೃತಿ ದಯಪಾಲಿಸಿದೆ.

ಬಚ್ಚಲಿನ ಗೂಡಿನಲ್ಲೇ ಉಳಿದಿದ್ದ ಟ್ಯೂಬಿನ ರಟ್ಟಿನ ಡಬ್ಬಿಯೊಳಗೆ ಮಡಿಸಿಟ್ಟ ಒಂದು ಚೀಟಿಯಿತ್ತು. ಅದನ್ನು ಬಿಡಿಸಿ ನೋಡಿದಾಗ ನನ್ನ ರಕ್ತ ಕುದಿಯಿತು. ಮನುಷ್ಯರ ಚರ್ಮದಲ್ಲಿ ನಾಲ್ಕು ವರ್ಗಗಳಂತೆ: ಸಾಮಾನ್ಯ, ಎಣ್ಣೆಯದು, ಒಣದು, ಮಿಶ್ರ. ನಾಲ್ಕು! ಹಣೆಗೆ ಒಂದು, ಕೆನ್ನೆಗೆ ಒಂದು ಗುಣವಿರುವುದು ಮಿಶ್ರವಂತೆ, ಸಂಕರವಂತೆ. ಐದನೆಯದಾಗಿ ಸೂಕ್ಷ್ಮ ಚರ್ಮವೆಂಬುದನ್ನು ಆ ನಾಲ್ಕರ ಸಾಲಿನಿಂದ ಕೆಳಗಿಳಿಸಿ, ಬೇರೆ ಮಾಡಿ, ಊರ ಹೊರಗೆ ಕೂರಿಸಿದಂತೆ ಬರೆದಿದ್ದರು. ಒಂದೊಂದು ವರ್ಗಕ್ಕೂ ಬೇರೆ ಬೇರೆ ಬಣ್ಣದ ಟ್ಯೂಬು. ಒಬ್ಬರದನ್ನು ಇನ್ನೊಬ್ಬರು ಮುಟ್ಟಬಾರದು. ಹೇಳಿ ಸಾಹೇಬರೇ, ಇದನ್ನು ಎಲ್ಲಿಯೋ ಓದಿದಂತಿದೆ ಎಂದು ನನ್ನಂಥವನಿಗೆ ಅನ್ನಿಸಿದರೆ ತಪ್ಪೇ? ನಂದಾಳನ್ನು ಶಾಲೆಗೆ ಸೇರಿಸುವಾಗ ಹೆಡ್ ಮಾಸ್ತರರು ಜಾತಿ ಯಾವುದೆಂದು ಕೇಳಿದರೆ ‘ಮನುಷ್ಯ ಜಾತಿ’ ಎಂದು ಹಟ ಹಿಡಿದು ಅರ್ಧ ದಿನ ಶಾಲೆ ನಿಲ್ಲಿಸಿದವನು ನಾನು. ಈಗ ನನ್ನ ಚರ್ಮ ಯಾವ ವರ್ಗದ್ದೆಂದು ಒಂದು ಚೀಟಿಗೆ ಉತ್ತರ ಕೊಡುತ್ತೇನೆಯೇ? ಮನುಷ್ಯರೆಲ್ಲರ ಚರ್ಮವೂ ಒಂದೇ. ನಂದಾಳಿಗೆ ನಡೆಯುವ ಟ್ಯೂಬು ನನಗೂ ನಡೆಯತಕ್ಕದ್ದು, ನಡೆಯದಿದ್ದರೆ ಅದು ವಿಷ. ಎರಡರಲ್ಲಿ ಒಂದು ಇತ್ಯರ್ಥವಾಗಲೆಂದು, ಯಮಕನಮರಡಿಯ ಹೆದ್ದಾರಿಯಲ್ಲಿ ಬಸ್ ನಿಲ್ಲಿಸಬೇಕೆಂಬ ಮೆರವಣಿಗೆಯ ದಿನ ಬೆಳಿಗ್ಗೆ, ‘ಎಣ್ಣೆ ಚರ್ಮಕ್ಕೆ ಮಾತ್ರ’ ಎಂದು ಬರೆದಿದ್ದ ತಮ್ಮನ್ನು ಅಂಗೈ ತುಂಬ ಹಿಂಡಿಕೊಂಡೆ.

ಹಚ್ಚಿಕೊಂಡ ರೀತಿಯನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಮುಖಕ್ಕೆ ಏನಾದರೂ ಬಳಿಯುವುದು ಮದುವೆಯ ಅರಿಷಿಣದ ದಿನ ಮಾತ್ರ, ಬಳಿದದ್ದನ್ನು ಒಣಗುವವರೆಗೆ ಬಿಡುವುದು ಪದ್ಧತಿ. ನಾನೂ ದಪ್ಪನಾಗಿ ಬಳಿದು, ಒಣಗಲು ಬಿಟ್ಟು, ಹಾಗೆಯೇ ಮೆರವಣಿಗೆಗೆ ಹೋದೆ. ತೊಳೆಯಬೇಕೆಂದು ಬರೆದಿರಲಿಲ್ಲವೇ ಎಂದು ತಾವು ಕೇಳಬಹುದು. ಬರೆದಿತ್ತು, ‘ಬಳಸುವ ವಿಧಾನ’ ಎಂಬಲ್ಲಿ. ಬಳಸುವ ವಿಧಾನವನ್ನು ಗಿರಾಕಿಗಳು ಓದುತ್ತಾರೆ. ನಾನು ಗಿರಾಕಿಯಲ್ಲ, ಎದುರಾಳಿ. ಎದುರಾಳಿಯು ಆರೋಪಪಟ್ಟಿಗೆ ಬೇಕಾದಷ್ಟನ್ನೇ ಓದುತ್ತಾನೆ.

ಹೆದ್ದಾರಿಯ ಬಿಸಿಲಿನಲ್ಲಿ ಮೂರು ತಾಸು ಬ್ಯಾನರ್ ಹಿಡಿದು ನಿಂತೆ. ಮುಖ ಮೊದಲು ಬಿಗಿಯಿತು, ಆಮೇಲೆ ಚುರುಗುಟ್ಟಿತು. ಅದು ಹೋರಾಟದ ಕಾವೆಂದು ತಿಳಿದು ಇನ್ನಷ್ಟು ಕೂಗಿದೆ. ಬೆವರು ಹರಿದ ಕಡೆಯೆಲ್ಲ ತಾವು ನೊರೆಯಾಗಿ ಹೊರಬಂದದ್ದನ್ನು ಕಂಡು ಪೊಲೀಸ್ ಪೇದೆಯೊಬ್ಬ ನನಗೆ ದಾರಿ ಬಿಟ್ಟು ಸರಿದ. ಸಂಜೆಯ ಹೊತ್ತಿಗೆ ಹಣೆ, ಕೆನ್ನೆ, ಮೂಗಿನ ತುದಿ ಕೆಂಡವಾಗಿದ್ದವು. ಮರುದಿನ ಎರಡೂ ಕೆನ್ನೆಗಳು ಹಪ್ಪಳದಂತೆ ಎದ್ದವು. ಕನ್ನಡಿಯಲ್ಲಿ ನೋಡಿಕೊಂಡು ನಾನು ಅಯ್ಯೋ ಅನ್ನಲಿಲ್ಲ. ವಿಷವೆಂದು ಸಾಬೀತಾಯಿತು ಎಂದು ಹಿಗ್ಗಿದೆ. ನನ್ನಷ್ಟು ಸಂತೋಷದಿಂದ ಮುಖ ಸುಟ್ಟುಕೊಂಡ ಇನ್ನೊಬ್ಬನನ್ನು ತಮ್ಮ ಸೇವಾವಧಿಯಲ್ಲಿ ತಾವು ಕಂಡಿರಲಾರಿರಿ.

ಆ ಸಾಕ್ಷ್ಯವನ್ನು ಹೊತ್ತು ಗೋಕಾಕದ ಕಾರ್ಯಕಾರಿ ಸಭೆಗೆ ಹೋದೆ. ಬಾಗಿಲಲ್ಲೇ ಉದ್ದಪ್ಪ ನನ್ನನ್ನು ನೋಡಿ ಕೈಯಲ್ಲಿದ್ದ ಚಹಾದ ಬಶಿ ಕೆಳಗಿಟ್ಟು, ‘ಯಣ್ಣಾ! ಯಾರು ಹೊಡದ್ರೋ? ಹೆದ್ದಾರಿ ಮ್ಯಾಲ ಪೊಲೀಸ್ರು ಹೊಡದ್ರೇನು?’ ಎಂದ. ನಾನು ಬಾಯಿ ತೆರೆದೆ. ಆದರೆ ತುಟಿಯ ಬದಿಯ ಚರ್ಮ ಬಿರಿದಿದ್ದರಿಂದ ಮಾತಿನ ಬದಲು ನರಳಿಕೆ ಹೊರಟಿತು. ಆ ನರಳಿಕೆಯನ್ನು ಸಭೆ ಉತ್ತರವೆಂದು ಸ್ವೀಕರಿಸಿತು. ಆಮೇಲೆ ಹೇಳಬಹುದಿತ್ತಲ್ಲ ಎನ್ನುವಿರಿ. ಹೇಳಬಹುದಿತ್ತು. ಆದರೆ ಯಾರೋ ನನಗೆ ಕುರ್ಚಿ ಕೊಟ್ಟರು, ಯಾರೋ ಗಾಳಿ ಹಾಕಿದರು, ‘ಮೂವತ್ತು ವರ್ಷದ ಹೋರಾಟಕ್ಕ ಇದು ಬಹುಮಾನ’ ಎಂದು ಯಾರದೋ ಕಣ್ಣಲ್ಲಿ ನೀರು ಬಂತು. ಇಷ್ಟೆಲ್ಲದರ ನಡುವೆ ಎದ್ದು ನಿಂತು, ‘ಇಲ್ಲಪ್ಪ, ಮಗಳ ಫೇಸ್ ವಾಶ್ ಹಚ್ಚಿಕೊಂಡಿದ್ದೆ’ ಎಂದು ಹೇಳುವ ಧೈರ್ಯ ಲಾಠಿಗೆ ಎದೆ ಕೊಡುವ ಧೈರ್ಯಕ್ಕಿಂತ ದೊಡ್ಡದೆಂದು ನನಗೆ ಅಂದೇ ತಿಳಿದದ್ದು.

ಮೂರು ದಿನಗಳಲ್ಲಿ ಕರಪತ್ರ ಅಚ್ಚಾಯಿತು. ನನ್ನ ಮುಖದ ಫೋಟೋ ಅರ್ಧ ಹಾಳೆ. ಅದರ ಮೇಲೆ ಹೆಬ್ಬೆರಳು ಗಾತ್ರದ ಅಕ್ಷರಗಳಲ್ಲಿ ‘ಈ ಮುಖ ನೋಡಿ! ಇದಕ್ಕೆ ಹೊಣೆ ಯಾರು?’ ಎಂಬ ತಲೆಬರಹ. ಕೆಳಗೆ ಹುಕ್ಕೇರಿಗೆ ಬನ್ನಿರೆಂಬ ಕರೆ. ಹಾಸ್ಟೆಲ್ ಸಮಾವೇಶ ಹೋಗಿ ದೌರ್ಜನ್ಯ ವಿರೋಧಿ ಸಮಾವೇಶವಾಯಿತು. ಹಾಸ್ಟೆಲ್ ಎಂಬ ಪದ ಕರಪತ್ರದ ತಳದಲ್ಲಿ, ಮುದ್ರಣಾಲಯದ ಹೆಸರಿನ ಬಾಜೂಕ್ಕೆ, ತಮ್ಮ ಹೆಸರು ಟ್ಯೂಬಿನ ಮೇಲಿರುವಷ್ಟೇ ಸಣ್ಣದಾಗಿತ್ತು. ಪೊಲೀಸರ ಮೇಲೆ ಠರಾವಾದರೆ ಬರುವುದಿಲ್ಲವೆಂದು ತಹಸೀಲ್ದಾರರು ಹೇಳಿ ಕಳಿಸಿದರು. ಠಾಣೆಯ ಸಬ್ ಇನ್ಸ್‌ಪೆಕ್ಟರು ಸ್ವತಃ ನಮ್ಮ ಮನೆಗೆ ಬಂದು, ನನ್ನ ಮುಖವನ್ನು ಎರಡು ಬದಿಯಿಂದಲೂ ನೋಡಿ, ‘ನಮ್ಮ ಹುಡುಗ್ರು ಮುಟ್ಟಿಲ್ಲ ಅಂತಾರ‍್ರೀ, ಆದ್ರ ಈ ಮಾರಿ ನೋಡಿದ್ರ ನನಗೂ ಡೌಟ್ ಬರಾಕತ್ತೈತಿ’ ಎಂದು ಪಾಪ ಬೆವರು ಒರೆಸಿಕೊಂಡರು. ಮಾಯವ್ವ ಅವರಿಗೆ ಚಹಾ ಕೊಟ್ಟಳು, ಸತ್ಯ ಕೊಡಲಿಲ್ಲ. ‘ನೀವ ಹೇಳ್ರಿ, ನಿಮ್ಮ ಬಾಯಿ ಏನು ಸುಟ್ಟಿಲ್ಲ’ ಎಂದು ಅವರು ಹೋದ ಮೇಲೆ ನನಗೆ ಅಂದಳು.

ಶನಿವಾರ ನಂದಾ ಬಂದಳು. ಕೈಯಲ್ಲಿ ಕರಪತ್ರ. ನಾನು ಗೆದ್ದ ಹುರುಪಿನಲ್ಲಿ ಮುಖವನ್ನು ದೀಪಕ್ಕೆ ಹಿಡಿದು, ನೋಡು, ವಿಷ ಎಂದೆ. ಅವಳು ನನ್ನ ಜೇಬಿಗೆ ಕೈ ಹಾಕಿ ಟ್ಯೂಬು ತೆಗೆದು, ಭೂತಗನ್ನಡಿಯಿಲ್ಲದೆ ಓದಿದಳು.

‘ಸಲ್ಫೇಟ್ ಅಂದ್ರ ನೊರಿ ಮಾಡಿ ಎಣ್ಣಿ ಕೀಳೂದು. ಗ್ಲಿಸರಿನ್ ತೊಗಲಿನ್ಯಾಗಿನ ಪಸಿ ಹಿಡದಿಡೂದು. ಈ ಆ್ಯಸಿಡ್ ಮುಚ್ಚಿದ ರಂಧ್ರದಾಗಿನ ಕೊಳಿ ಬಿಡಿಸಿ ಸತ್ತ ತೊಗಲ ಉದುರಸೂದು. ನಂದು ಎಣ್ಣಿ ಮಾರಿ, ನನಗ ನಡೀತೈತಿ. ನಿನ್ನ ಮಾರ‍್ಯಾಗ ಎಣ್ಣಿನ ಇಲ್ಲ, ಅದಾದ್ರೂ ಏನು ಕೀಳಬೇಕು? ಸಿಕ್ಕಿದ್ದು ಕಿತ್ತೈತಿ. ಮ್ಯಾಲ ತೊಳೀಲಾರದ ಬಿಸಿಲಾಗ ಬ್ಯಾರೆ ನಿಂತೀಯಿ.’

ನಾನು ಬಿಡದೆ ನಾಲ್ಕು ವರ್ಗಗಳ ಮಾತೆತ್ತಿದೆ. ಅವಳು ನಿಟ್ಟುಸಿರು ಬಿಟ್ಟು, ‘ಅಪ್ಪಾ, ಜಾತಿ ಮನಷ್ಯಾ ಮಾಡಿದ್ದು. ನಿನ್ನ ತೊಗಲ ಒಣಗಿಸಿದ್ದು ಬಿಸಿಲು. ಎರಡಕ್ಕೂ ಒಂದ ಭಾಷಣ ಹೊಡದ್ರ ಹೆಂಗೋ?’ ಎಂದಳು. ಹಾಗಾದರೆ ಆ ಅಕ್ವಾ ಯಾರೆಂದು ಕೊನೆಯ ಬಾಣ ಬಿಟ್ಟೆ. ‘ನೀರು’ ಎಂದಳು. ಮೂಡಲಗಿಯ ಸಂತೆಯಲ್ಲಿ ನಾನು ಧಿಕ್ಕಾರ ಕೂಗಿಸಿದ್ದು ನೀರಿಗೆ ಎಂಬುದು ಹೊಟ್ಟೆಯೊಳಗೆ ಇಳಿಯಲು ತುಸು ಹೊತ್ತು ಬೇಕಾಯಿತು. ಆ ಹೊತ್ತಿನಲ್ಲಿ ಅವಳು ಕರಪತ್ರವನ್ನು ನನ್ನ ಮುಂದಿಟ್ಟು, ದನಿ ಏರಿಸದೆ ಹೇಳಿದಳು: ‘ನನ್ನ ಹಾಸ್ಟೆಲ್ ಎಲ್ಲೈತಿ ಇದರಾಗ? ನಾವು ಆರು ತಿಂಗಳು ಹುಡುಗ್ಯಾರ್‌ನ ಕೂಡಿಸೇವಿ. ನಿನ್ನ ಮಾರಿ ಅದನ್ನೆಲ್ಲಾ ಮುಚ್ಚಿಬಿಡ್ತು.’

ನನಗೆ ಬೈದವರು ಬಹಳ. ಲೇಖನ ಬರೆದು ಬೈದಿದ್ದಾರೆ, ಕಲ್ಲೆಸೆದು ಬೈದಿದ್ದಾರೆ. ಈ ಒಂದು ವಾಕ್ಯದಷ್ಟು ಒಳಗಿಳಿದದ್ದು ಯಾವುದೂ ಇಲ್ಲ. ತಾವೂ ಇಷ್ಟು ಇಳಿದಿರಲಿಲ್ಲ, ಸಾಹೇಬರೇ.

ಸಮಾವೇಶದ ದಿನ ಹುಕ್ಕೇರಿಯಲ್ಲಿ ಜನವೋ ಜನ. ಎಲ್ಲರೂ ನನ್ನ ಮುಖ ನೋಡಲು ಬಂದವರು. ನಾನು ಬರೆದುಕೊಂಡು ಹೋದ ತಪ್ಪೊಪ್ಪಿಗೆ ಜೇಬಿನಲ್ಲಿತ್ತು. ಮೈಕಿನ ಹತ್ತಿರ ಹೋಗಿ ‘ಬಂಧುಗಳೇ’ ಎಂದೆ. ಕೂಡಲೇ ಉದ್ದಪ್ಪ ಪೊಲೀಸರಿಗೆ ಧಿಕ್ಕಾರ ಕೂಗಿದ, ಸಾವಿರ ಗಂಟಲು ಕೂಡಿಕೊಂಡವು. ನಾನು ಮತ್ತೆ ‘ಬಂಧುಗಳೇ’ ಎಂದೆ, ಮತ್ತೆ ಧಿಕ್ಕಾರ. ಮೂವತ್ತು ವರ್ಷ ನಾನೇ ಕಲಿಸಿದ ಕೂಗು ನನ್ನನ್ನೇ ಮಾತಾಡಗೊಡಲಿಲ್ಲ. ಆಗ ನಂದಾ ವೇದಿಕೆ ಹತ್ತಿದಳು. ಮುಖದ ಮೇಲೆ ಪೌಡರಿಲ್ಲ, ಸೆರಗಿಲ್ಲ. ಇದ್ದ ಗುಳ್ಳೆಗಳೆಲ್ಲ ಇದ್ದಲ್ಲೇ. ಕೈಯಲ್ಲಿ ತಾವು.

‘ಎಲ್ಲಾರೂ ಕೂಡ್ರಿ’ ಎಂದಳು. ‘ನಮ್ಮಪ್ಪನ ಮಾರಿ ಪೊಲೀಸ್ರು ಸುಟ್ಟಿಲ್ಲ. ನನ್ನ ಈ ಟ್ಯೂಬ್ ಸುಟ್ಟೈತಿ. ಎಣ್ಣಿ ತೊಗಲಿಂದು ಒಣಾ ತೊಗಲಿಗೆ ಹಚ್ಚಿ, ತೊಳೀಲಾರದ ಬಿಸಿಲಾಗ ನಿಂತಿದ್ದ.’

ಮೊದಲು ಹೆಂಗಸರ ಕಡೆಯಿಂದ ಒಂದು ನಗೆ ಎದ್ದಿತು, ಅದರ ಹಿಂದೆ ಎಲ್ಲ ಕಡೆಯಿಂದ. ಬಂದೋಬಸ್ತಿಗೆ ನಿಂತ ಸಬ್ ಇನ್ಸ್‌ಪೆಕ್ಟರು ಟೊಪ್ಪಿಗೆ ತೆಗೆದು ನಕ್ಕರು. ನನ್ನ ಮುಖದಲ್ಲಿ ಉಳಿದಿದ್ದ ಚೂರು ಒಳ್ಳೆಯ ಚರ್ಮವೂ ಕೆಂಪಾಯಿತು. ಅವಳು ನಗೆ ಇಳಿಯುವವರೆಗೆ ನಿಂತು, ಟ್ಯೂಬನ್ನು ಎತ್ತಿ ಹಿಡಿದಳು.

‘ನಗ್ರಿ, ಆದ್ರ ಇಷ್ಟು ಕೇಳ್ರಿ. ನನ್ನ ಮಾರಿ ಗುಳ್ಳಿ ನೋಡ್ರಿ. ಇದನ್ನ ತೋರಸಾಕ ನಾಚಿಕಿ ಆಗಿ ನಾ ಇವತ್ತ ಬರೂದಿಲ್ಲ ಅಂತಿದ್ನಿ. ಗೋಕಾಕದಾಗ ನಾವು ಹನ್ನೆರಡು ಮಂದಿ ಒಂದ ಖೋಲ್ಯಾಗ ಅದೀವಿ. ಒಂದ ನಳ, ಎರಡ ದಿನಕ್ಕೊಮ್ಮಿ ನೀರು. ಮಾರಿಗೆ ಸಾಬಣ ಹಚ್ಚೂದ್ರಾಗ ನೀರು ಹೋಗ್ತಾವು, ಒರಸ್ಕೊಂಡು ಸಾಲಿಗೆ ಹೊಂಡ್ತೀವಿ. ಈ ಟ್ಯೂಬಿನ್ಯಾಗ ಮೊದಲನೇದ್ದು ಏನೈತಿ ಗೊತ್ತೈತೇನ್ರಿ? ಅಕ್ವಾ. ಅಂದ್ರ ನೀರು. ಟ್ಯೂಬಿನ್ಯಾಗ ನೀರು ಐತಿ, ನಮ್ಮ ನಳದಾಗಿಲ್ಲ!’

ಉದ್ದಪ್ಪ, ಸಾಹೇಬರೇ, ಮೊದಲ ಸಲ ಕೂಗಲು ಮರೆತ. ಕೂಗಿದವರು ಹುಡುಗಿಯರು. ಟ್ಯೂಬಿನ್ಯಾಗ ನೀರು ಐತಿ, ನಳದಾಗಿಲ್ಲ, ಎಂದು ಹುಕ್ಕೇರಿಯ ಪೇಟೆಯುದ್ದಕ್ಕೂ ತಹಸೀಲ್ದಾರ್ ಕಚೇರಿಯವರೆಗೆ ಕೂಗಿಕೊಂಡು ಹೋದರು. ಪೊಲೀಸರ ಮೇಲಿನ ಠರಾವನ್ನು ಅಧ್ಯಕ್ಷನಾದ ನಾನು ಹಿಂತೆಗೆದುಕೊಂಡೆ. ಯಾರಿಗೂ ಅದು ಕೇಳಿಸಲಿಲ್ಲ. ತಹಸೀಲ್ದಾರರು ಮನವಿಯನ್ನು ನಂದಾಳ ಕೈಯಿಂದ ತೆಗೆದುಕೊಂಡು, ಮೇಲಕ್ಕೆ ಕಳಿಸುತ್ತೇನೆಂದರು. ಮೇಲೆ ಎಂದರೆ ಎಲ್ಲಿ ಎಂದು ಅವಳು ಕೇಳಿದಳು. ಈ ಪ್ರಶ್ನೆಯನ್ನು ನಾನು ಮೂವತ್ತು ವರ್ಷಗಳಲ್ಲಿ ಕೇಳಿರಲಿಲ್ಲ. ಅವರು ಬೆಳಗಾವಿಯ ಕಚೇರಿಯ ಹೆಸರು, ತಾರೀಖು ಬರೆದು ಕೊಡಬೇಕಾಯಿತು. ಹೊರಡುವಾಗ ನನ್ನನ್ನು ಬದಿಗೆ ಕರೆದು, ‘ಒಣಾ ಮಾರಿಗೆ ಯಾವ ಬಣ್ಣದ ಟ್ಯೂಬ್ ಬರ್ತೈತ್ರಿ? ನಮ್ಮ ಮನ್ಯಾಗ ಕೇಳಾಕತ್ತಾರ’ ಎಂದರು.

ಆದುದರಿಂದ ಮಾನ್ಯರೇ, ತಮ್ಮಲ್ಲಿ ನನ್ನ ನಮ್ರ ಬೇಡಿಕೆಗಳು ಇವು. ಸತ್ತ ಪದರವನ್ನು ಗುರುತಿಸಿ ಉದುರಿಸುವ ತಮ್ಮ ವಿದ್ಯೆ ಟ್ಯೂಬಿನಲ್ಲಿ ಕೊಳೆಯಬಾರದು. ಬೆಳಗಾವಿಯ ಆ ಕಚೇರಿಗೆ ದಯಮಾಡಿಸಿ, ಕಡತಗಳ ಮೇಲೆ ಕೂತಿರುವ ಪದರಗಳನ್ನು ತೊಳೆಯಿರಿ. ಅಲ್ಲಿ ಎಣ್ಣೆಗೆ ಕೊರತೆಯಿಲ್ಲ, ತಮಗೆ ಕೈತುಂಬ ಕೆಲಸ. ಬರುವ ದಾರಿಯಲ್ಲಿ ನಮ್ಮ ಸಂಘಟನೆಯ ಕಾರ್ಯಕಾರಿ ಸಮಿತಿಗೂ ಬನ್ನಿ. ಅಲ್ಲಿ ಅಧ್ಯಕ್ಷನ ಕುರ್ಚಿಯಲ್ಲಿ ಬಹಳ ಕಾಲದಿಂದ ಒಂದು ಒಣ ಪದರ ಅಂಟಿಕೊಂಡಿತ್ತು. ತಾವು ಬರುವುದು ತಡವಾಗಬಹುದೆಂದು ಅದು ಹೋದ ಸೋಮವಾರ ತಾನೇ ಎದ್ದು, ಕುರ್ಚಿಯನ್ನು ನಂದಾ ಮತ್ತವಳ ಗೆಳತಿಯರ ಕಡೆಗೆ ಸರಿಸಿದೆ. ಮೈಕಿನ ಮುಂದೆ ಕೈ ಇನ್ನೂ ತುರಿಸುತ್ತದೆಂಬುದು ನಿಜ. ಅದಕ್ಕೂ ಒಂದು ಟ್ಯೂಬಿದ್ದರೆ ತಿಳಿಸಬೇಕು. ಕಡೆಯದಾಗಿ, ತಮ್ಮ ಒಡೆಯರಿಗೆ ಹೇಳಿ: ಹೆಸರುಗಳನ್ನು ಕನ್ನಡದಲ್ಲಿ, ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ ಬರೆಯಲಿ. ‘ನೀರಿನಿಂದ ಚೆನ್ನಾಗಿ ತೊಳೆಯಿರಿ’ ಎಂಬಲ್ಲಿ ಆ ನೀರು ಎಲ್ಲಿಂದ ತರಬೇಕೆಂಬುದನ್ನೂ ಬರೆಯಲಿ.

ತೊಳೆದ ಮೇಲೂ ತಮ್ಮ ವಿಶ್ವಾಸಿಯಾಗಿಯೇ ಉಳಿದ,
ಬೀರಸಿದ್ದಪ್ಪ
(ಒಣ ವರ್ಗ, ಮಾಯವ್ವನ ಪ್ರಕಾರ ಸೂಕ್ಷ್ಮ)

ತಾ.ಕ.: ಮಿಕ್ಕ ಕರಪತ್ರಗಳ ಕಟ್ಟನ್ನು ಉದ್ದಪ್ಪ ಶ್ರೇಣಿಕನ ಅಂಗಡಿಗೆ ರದ್ದಿಗೆ ಹಾಕಿದ್ದಾನೆ. ಈಗ ತಮ್ಮ ಟ್ಯೂಬು ಕೊಂಡವರಿಗೆಲ್ಲ ಶ್ರೇಣಿಕ ಅದನ್ನು ನನ್ನ ಮುಖದಲ್ಲಿ ಸುತ್ತಿ ಕೊಡುತ್ತಾನೆ. ‘ಈ ಮುಖ ನೋಡಿ! ಇದಕ್ಕೆ ಹೊಣೆ ಯಾರು?’ ಎಂದು ಹೆಬ್ಬೆರಳು ಗಾತ್ರದ ಕನ್ನಡದಲ್ಲಿದೆ. ತಮ್ಮ ಕಂಪನಿಯು ಹಾಕಲು ಮರೆತಿದ್ದ ಎಚ್ಚರಿಕೆಯನ್ನು ಹೀಗೆ ಬಿಟ್ಟಿಯಾಗಿ ಒದಗಿಸುತ್ತಿರುವುದಕ್ಕೆ ಧನ್ಯವಾದ ಕಳಿಸುವುದಿದ್ದರೆ ಆ ಅಂಚೆಪೆಟ್ಟಿಗೆಯ ಮೂಲಕ ಬೇಡ, ಮನುಷ್ಯರನ್ನು ಕಳಿಸಿ.